ಕೂನೂರಿನ ಇಲಿಗಳೂ ನಮ್ಮ ಮಕ್ಕಳ ತಟ್ಟೆಯೂ

ನಮ್ಮ ಶಾಲೆಯ ಬೀರುವಿನಲ್ಲಿ ಎರಡು ದಪ್ಪ ರಿಜಿಸ್ಟರುಗಳಿವೆ. ಒಂದು ಮಧ್ಯಾಹ್ನದ ಊಟದ್ದು. ಎಷ್ಟು ಮಕ್ಕಳು ಉಂಡರು, ಅಕ್ಕಿ ಎಷ್ಟು ಕಿಲೋ, ಬೇಳೆ ಎಷ್ಟು, ಮೊಟ್ಟೆ ಎಷ್ಟು ಎಂಬ ಲೆಕ್ಕ ಅದರಲ್ಲಿ ಇರುತ್ತದೆ. ಇನ್ನೊಂದು ಆರೋಗ್ಯ ತಪಾಸಣೆಯದ್ದು. ಮಗುವಿನ ತೂಕ, ಎತ್ತರ, ಕಣ್ಣು, ಹಲ್ಲು, ಕಬ್ಬಿಣಾಂಶದ ಮಾತ್ರೆ ಕೊಟ್ಟ ದಿನ ಇವೆಲ್ಲ ಅದರಲ್ಲಿ. ಮೊದಲನೆಯದನ್ನು ಸತ್ತುಣವು ಕೇಂದ್ರದ ಸಂಘಟಕಿ ಬರೆಯುತ್ತಾರೆ, ಎರಡನೆಯದನ್ನು ನಾವು ತುಂಬುತ್ತೇವೆ. ಊಟದ ಲೆಕ್ಕ ನೋಡಲು ಬರುವವರು ಬೇರೆ, ಆರೋಗ್ಯದ ಲೆಕ್ಕ ನೋಡಲು ಬರುವವರು ಬೇರೆ. ಎರಡನ್ನೂ ಒಂದೇ ಮೇಜಿನ ಮೇಲೆ ತೆರೆದಿಟ್ಟು, ಈ ಮಗು ಏನು ತಿಂದಿದೆ, ಅದರ ತೂಕ ಏಕೆ ಏರಿಲ್ಲ ಎಂದು ಕೇಳಿದವರನ್ನು ನಾವು ಇಷ್ಟು ವರ್ಷಗಳ ಸೇವೆಯಲ್ಲಿ ಕಂಡಿಲ್ಲ.

ಊಟ ಎಂಬುದು ಆರೋಗ್ಯಕ್ಕೆ ಸೇರಿದ್ದೋ, ಶಿಕ್ಷಣಕ್ಕೆ ಸೇರಿದ್ದೋ, ಇಲ್ಲ ದಾನಧರ್ಮಕ್ಕೆ ಸೇರಿದ್ದೋ? ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ನೂರು ವರ್ಷಗಳ ಚರಿತ್ರೆ ಇದೆ. ಅದರ ಒಂದು ಮುಖ್ಯ ಅಧ್ಯಾಯ ನಮಗೆ ಬಹಳ ಹತ್ತಿರದಲ್ಲೇ ನಡೆದದ್ದು. ತಾಳವಾಡಿಯಿಂದ ಹೊರಟು ದಿಂಬಂ ಘಟ್ಟದ 27 ತಿರುವು ಇಳಿದು, ಬಣ್ಣಾರಿ, ಸತ್ಯಮಂಗಲ, ಮೇಟುಪಾಳ್ಯ ದಾಟಿ ಇನ್ನೊಂದು ಘಟ್ಟ ಹತ್ತಿದರೆ ಕೂನೂರು ಸಿಗುತ್ತದೆ. ಊಟಿಗೆ ಪ್ರವಾಸ ಹೋಗುವ ಶಾಲೆಗಳೆಲ್ಲ ಅಲ್ಲಿನ ಸಿಮ್ಸ್ ಪಾರ್ಕನ್ನು ನೋಡಿಯೇ ಬರುತ್ತವೆ. ಆದರೆ ಅದೇ ಊರಿನಲ್ಲಿ ಭಾರತದ ಪೋಷಣಾ ವಿಜ್ಞಾನ ಹುಟ್ಟಿತು ಎಂಬುದನ್ನು ಮಕ್ಕಳಿಗೆ ಹೇಳುವವರು ಕಡಿಮೆ. ಆದ್ದರಿಂದ ಈ ಲೇಖನ.

ಕೂನೂರಿನಲ್ಲಿ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ತಯಾರಿಸುವ ಪಾಶ್ಚರ್ ಸಂಸ್ಥೆ 1907ರಲ್ಲಿ ಆರಂಭವಾಗಿತ್ತು. 1918ರಲ್ಲಿ ಅದರ ಒಂದೇ ಒಂದು ಕೊಠಡಿಯಲ್ಲಿ ಬೆರಿಬೆರಿ ರೋಗದ ವಿಚಾರಣಾ ಘಟಕ ಶುರುವಾಯಿತು. ಅದರ ಮುಖ್ಯಸ್ಥರು ರಾಬರ್ಟ್ ಮೆಕ್ಯಾರಿಸನ್. ಉತ್ತರ ಐರ್ಲೆಂಡಿನಲ್ಲಿ 1878ರಲ್ಲಿ ಹುಟ್ಟಿ, ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ, ಗಿಲ್ಗಿಟ್ ಕಣಿವೆಯಲ್ಲಿ ಗಳಗಂಡ ರೋಗದ ಬೆನ್ನು ಹತ್ತಿದ್ದ ವೈದ್ಯರು ಇವರು. ಆ ಕಾಲದ ವೈದ್ಯಲೋಕ ರೋಗ ಎಂದ ಕೂಡಲೇ ರೋಗಾಣುವನ್ನು ಹುಡುಕುತ್ತಿತ್ತು. ಪ್ಲೇಗು, ಕಾಲರಾ, ಮಲೇರಿಯಾಗಳ ಕಾಲವಾದ್ದರಿಂದ ಅದು ಸಹಜವೇ. ತಟ್ಟೆಯಲ್ಲಿ ಇರುವುದರಿಂದ ಮಾತ್ರವಲ್ಲ, ಇಲ್ಲದಿರುವುದರಿಂದಲೂ ರೋಗ ಬರುತ್ತದೆ ಎಂಬ ಮಾತು ಆಗ ಇನ್ನೂ ಹೊಸದು.

ಬೆರಿಬೆರಿ ಎಂದರೆ ನರಗಳು ಸೋತು ಕಾಲು ಬೀಳುವ, ಮೈ ಊದಿಕೊಳ್ಳುವ, ಹೃದಯ ನಿಲ್ಲುವ ರೋಗ. ಮದರಾಸು ಪ್ರಾಂತ್ಯದಲ್ಲಿ ಇದು ಎಲ್ಲ ಕಡೆ ಇರಲಿಲ್ಲ. ಈಗಿನ ಆಂಧ್ರದ ಕರಾವಳಿಯ ಜಿಲ್ಲೆಗಳಲ್ಲಿ ಜೋರಾಗಿತ್ತು. ಅನ್ನ ಉಣ್ಣುವವರು ಮಲಬಾರಿನಲ್ಲೂ ದಕ್ಷಿಣ ಕನ್ನಡದಲ್ಲೂ ಇದ್ದರಲ್ಲ, ಅವರಿಗೇಕೆ ಬರಲಿಲ್ಲ? ಉತ್ತರ ಕಾಸರಗೋಡಿನ ನಮ್ಮ ಶಿಕ್ಷಕ ಮಿತ್ರರ ಮನೆಯಲ್ಲಿ ಇವತ್ತಿಗೂ ಬೇಯುವ ಕುಚ್ಚಲಕ್ಕಿಯಲ್ಲಿದೆ. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟಿದಾಗ ಹೊರಪದರದ ಬಿ1 ಜೀವಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಎಷ್ಟೇ ಪಾಲಿಶ್ ಮಾಡಿದರೂ ಅದು ಪೂರ್ತಿ ಹೋಗುವುದಿಲ್ಲ. ಹಸಿ ಭತ್ತವನ್ನೇ ಗಿರಣಿಗೆ ಹಾಕಿ ಬೆಳ್ಳಗೆ ಮಾಡಿಸಿ, ಅದನ್ನು ನಾಲ್ಕು ಸಲ ತೊಳೆದು, ಗಂಜಿ ಬಸಿದು ಚೆಲ್ಲಿದರೆ ಉಳಿಯುವುದು ಪಿಷ್ಟ ಮಾತ್ರ. ಬೆಳ್ಳಗಿನ ಅನ್ನ ದೊಡ್ಡಸ್ತಿಕೆಯ ಗುರುತಾಗಿದ್ದೇ ರೋಗಕ್ಕೂ ದಾರಿಯಾಯಿತು. ನಮ್ಮ ಹಳ್ಳಿಗಳಲ್ಲಿ ಹಬ್ಬದ ದಿನ ಮಾತ್ರ ಅನ್ನ, ಉಳಿದ ದಿನ ಹಿಟ್ಟು ಎಂಬ ಪದ್ಧತಿ ಇದ್ದದ್ದನ್ನು ಹಿರಿಯರು ಬಡತನದ ಕತೆಯಾಗಿ ಹೇಳುತ್ತಾರೆ. ಬಡತನವಂತೂ ನಿಜ. ಆದರೆ ಆ ಬಡತನವೇ ಬೆರಿಬೆರಿಯಿಂದ ಕಾಪಾಡಿದ್ದೂ ನಿಜ!

ಸರ್ಕಾರದ ಖರ್ಚು ಕಡಿತದಿಂದಾಗಿ 1920ರ ದಶಕದ ಆರಂಭದಲ್ಲಿ ಈ ಘಟಕ ಕೆಲಕಾಲ ಮುಚ್ಚಿಯೂ ಹೋಗಿತ್ತು. ಮತ್ತೆ ತೆರೆದು, 1928ರಲ್ಲಿ ಪೋಷಣಾ ಸಂಶೋಧನಾ ಪ್ರಯೋಗಾಲಯ ಎಂಬ ಪೂರ್ಣ ಸಂಸ್ಥೆಯಾಯಿತು. ಮೆಕ್ಯಾರಿಸನ್ ಅದರ ಮೊದಲ ನಿರ್ದೇಶಕರು. ಅವರ ಹೆಸರು ಲೋಕಕ್ಕೆಲ್ಲ ಹಬ್ಬಿದ್ದು ಇಲಿಗಳಿಂದ. ಭಾರತದ ಏಳು ಜನವರ್ಗಗಳ ಊಟವನ್ನು ಅವರು ಇಲಿಗಳ ಏಳು ಗುಂಪಿಗೆ ಹಾಕಿದರು. ಸಿಖ್, ಪಠಾಣ್, ಮರಾಠ, ಗೂರ್ಖಾ, ಕನ್ನಡಿಗ, ಬಂಗಾಳಿ ಮತ್ತು ಮದರಾಸಿ. ಹೌದು, ಕನ್ನಡಿಗರ ಊಟಕ್ಕೂ ಒಂದು ಇಲಿ ಗುಂಪು! ಸಿಖ್ಖರ ಊಟವೆಂದರೆ ಹೊಟ್ಟು ಸಮೇತ ಗೋಧಿಯ ರೊಟ್ಟಿ, ಬೆಣ್ಣೆ, ಹಾಲು, ಮೊಳಕೆ ಕಾಳು, ಹಸಿ ತರಕಾರಿ, ವಾರಕ್ಕೊಮ್ಮೆ ಮಾಂಸ. ಮದರಾಸಿಯ ಊಟವೆಂದರೆ ತೊಳೆದ ಪಾಲಿಶ್ ಅಕ್ಕಿಯ ಅನ್ನ, ಸ್ವಲ್ಪ ಬೇಳೆ ತರಕಾರಿ, ಮಜ್ಜಿಗೆ, ತೆಂಗು, ಕಾಫಿ, ಅಡಿಕೆ. ಕೊನೆಗೆ ತೂಗಿದಾಗ ಸಿಖ್ ಊಟದ ಇಲಿ ಸರಾಸರಿ 235 ಗ್ರಾಂ, ಕನ್ನಡಿಗರ ಊಟದ್ದು 185 ಗ್ರಾಂ, ಮದರಾಸಿಯದ್ದು 155 ಗ್ರಾಂ ತೂಗಿದವು. ಇದನ್ನು ಓದಿದಾಗ ಗಡಿಯ ಈಚೆ ಇರುವ ಕನ್ನಡಿಗರಾದ ನಾವು ಯಾವ ಗುಂಪಿಗೆ ಸೇರುತ್ತೇವೋ ಎಂದು ಶಿಕ್ಷಕರ ಕೊಠಡಿಯಲ್ಲಿ ನಗೆಯಾಡಿದ್ದುಂಟು.

ಆದರೆ ಈ ಪ್ರಯೋಗವನ್ನು ಹಾಗೆಯೇ ನುಂಗಬಾರದು ಎಂಬುದು ನಮ್ಮ ಅಭಿಪ್ರಾಯ. ಸಿಪಾಯಿ ಕುಲ, ಸಿಪಾಯಿಯಲ್ಲದ ಕುಲ ಎಂದು ಜನರನ್ನು ವಿಂಗಡಿಸುತ್ತಿದ್ದ ಕಾಲ ಅದು. ಊಟಕ್ಕೂ ಕುಲದ ಹೆಸರು ಅಂಟಿತು. ಎಲ್ಲ ಸಿಖ್ಖರ ಮನೆಯಲ್ಲೂ ಬೆಣ್ಣೆ ಇರಲಿಲ್ಲ. ಕೂಲಿ ಮಾಡುವ ಪಂಜಾಬಿಗೂ ಕೂಲಿ ಮಾಡುವ ತಮಿಳನಿಗೂ ಹಸಿವು ಒಂದೇ. ಹಾಲು, ಬೇಳೆ, ಸೊಪ್ಪು, ಮಾಂಸ ಕೊಳ್ಳಲು ಕೈಯಲ್ಲಿ ಕಾಸಿದೆಯೇ ಎಂಬ ಪ್ರಶ್ನೆಯನ್ನು ಇಲಿಯ ಪಂಜರದಲ್ಲಿ ಕೇಳಲು ಬರುವುದಿಲ್ಲ. ಹಾಗಿದ್ದರೂ ಮೆಕ್ಯಾರಿಸನ್ ಒಂದು ದೊಡ್ಡ ಕೆಲಸ ಮಾಡಿದರು. 1926ರಲ್ಲಿ ನೇಮಕವಾದ ಕೃಷಿ ಕುರಿತ ರಾಯಲ್ ಕಮಿಷನ್ನಿನ ಮುಂದೆ, ಈ ದೇಶದ ಜನರ ಮುಖ್ಯ ಕಷ್ಟಗಳಲ್ಲಿ ಅಪೌಷ್ಟಿಕತೆಯೇ ದೊಡ್ಡದು ಎಂದು ಲಿಖಿತವಾಗಿ ವಾದ ಮಂಡಿಸಿದರು. ವೈದ್ಯನೊಬ್ಬ ಬೇಸಾಯದ ಆಯೋಗಕ್ಕೆ ಹೋಗಿ ಊಟದ ಮಾತಾಡಿದ್ದು ಇಲಾಖೆಗಳ ನಡುವಿನ ಗೋಡೆಗೆ ಬಿದ್ದ ಮೊದಲ ಪೆಟ್ಟುಗಳಲ್ಲೊಂದು.

ಅತ್ತ ಕೂನೂರಿನಲ್ಲಿ ಇಲಿಗಳ ತೂಕ ನಡೆಯುತ್ತಿದ್ದಾಗಲೇ ಇತ್ತ ಮದರಾಸು ನಗರದಲ್ಲಿ ಇನ್ನೊಂದು ಪ್ರಯೋಗ ಆಗಿತ್ತು. ಇದನ್ನು ಮಾಡಿದವರು ವಿಜ್ಞಾನಿಗಳಲ್ಲ, ರಾಜಕಾರಣಿಗಳು. ಜಸ್ಟಿಸ್ ಪಕ್ಷದ ಪಿಟ್ಟಿ ತ್ಯಾಗರಾಯ ಚೆಟ್ಟಿಯವರು ಮದರಾಸು ಕಾರ್ಪೊರೇಷನ್ನಿನ ಅಧ್ಯಕ್ಷರಾಗಿದ್ದಾಗ, 1920ರ ಸೆಪ್ಟೆಂಬರಿನಲ್ಲಿ, ಥೌಸಂಡ್ ಲೈಟ್ಸ್ ಬಡಾವಣೆಯ ಕಾರ್ಪೊರೇಷನ್ ಶಾಲೆಯ ಮಕ್ಕಳಿಗೆ ತಿಂಡಿ ಕೊಡಲು ಕೌನ್ಸಿಲ್ ನಿರ್ಣಯ ಮಾಡಿತು. ಒಂದು ಮಗುವಿಗೆ ದಿನಕ್ಕೆ ಒಂದಾಣೆ ಮೀರಬಾರದು ಎಂದು ಷರತ್ತು. ಹಸಿದ ಮಕ್ಕಳು ಶಾಲೆಗೆ ಬರುತ್ತಿಲ್ಲ, ಬಂದವರು ನಿಲ್ಲುತ್ತಿಲ್ಲ ಎಂಬುದೇ ಕಾರಣ. ತಿಂಡಿ ಇನ್ನೂ ನಾಲ್ಕು ಶಾಲೆಗಳಿಗೆ ಹಬ್ಬಿತು. ಆ ಶಾಲೆಗಳ ಮಕ್ಕಳ ಸಂಖ್ಯೆ 1922-23ರಲ್ಲಿ 811 ಇದ್ದದ್ದು 1924-25ಕ್ಕೆ 1,671 ಆಯಿತು. ಎರಡೇ ವರ್ಷದಲ್ಲಿ ಇಮ್ಮಡಿ!

ಆಮೇಲೆ ಆದದ್ದನ್ನು ಶಿಕ್ಷಕರೆಲ್ಲ ಗಮನವಿಟ್ಟು ಓದಬೇಕು. ಪ್ರಾಥಮಿಕ ಶಿಕ್ಷಣದ ನಿಧಿಯಿಂದ ತಿಂಡಿಗೆ ಖರ್ಚು ಮಾಡಬಾರದು ಎಂದು ಬ್ರಿಟಿಷ್ ಸರ್ಕಾರ ತಕರಾರು ತೆಗೆಯಿತು. 1925ರ ಏಪ್ರಿಲ್ 1ರಿಂದ ತಿಂಡಿ ನಿಂತಿತು. ಕೆಲವು ವರ್ಷಗಳ ನಂತರ ಮತ್ತೆ ಶುರುವಾಯಿತೆನ್ನಿ, ಆದರೆ ನಿಂತದ್ದಕ್ಕೆ ಕಾರಣ ತಿಂಡಿ ಕೆಟ್ಟದಾಗಿತ್ತೆಂದಲ್ಲ, ಮಕ್ಕಳು ಬರಲಿಲ್ಲವೆಂದೂ ಅಲ್ಲ. ಯಾವ ಲೆಕ್ಕದ ತಲೆಯಲ್ಲಿ ಬರೆಯುವುದು ಎಂಬುದಷ್ಟೇ. ಅನ್ನ ಶಿಕ್ಷಣವಲ್ಲ, ಔಷಧವೂ ಅಲ್ಲ. ಹಾಗಾದರೆ ಯಾರ ಲೆಕ್ಕ? ಈ ಪ್ರಶ್ನೆಗೆ ಆಗ ಉತ್ತರ ಇರಲಿಲ್ಲ. ಈಗಲೂ ಪೂರ್ತಿಯಾಗಿ ಸಿಕ್ಕಿಲ್ಲ.

ಕೂನೂರಿಗೆ ಹಿಂದಿರುಗೋಣ. 1935ರಲ್ಲಿ ಮೆಕ್ಯಾರಿಸನ್ ನಿವೃತ್ತರಾದ ಮೇಲೆ ಬಂದವರು ವ್ಯಾಲೇಸ್ ಅಯ್ಕ್ರಾಯ್ಡ್. ಇವರೂ ಐರಿಷ್ ಮೂಲದವರು. ಜಿನೀವಾದ ರಾಷ್ಟ್ರಸಂಘದ ಆರೋಗ್ಯ ವಿಭಾಗದಲ್ಲಿದ್ದು, ಪೋಷಣೆ ಮತ್ತು ಸಾರ್ವಜನಿಕ ಆರೋಗ್ಯದ ಸಂಬಂಧವನ್ನು ಕುರಿತ ವರದಿಯನ್ನು ಇನ್ನೊಬ್ಬರೊಡನೆ ಸೇರಿ ಬರೆದು ಬಂದಿದ್ದರು. ಮೆಕ್ಯಾರಿಸನ್ ಇಲಿಗಳನ್ನು ತೂಗಿದರೆ ಅಯ್ಕ್ರಾಯ್ಡ್ ತಂಡ ಮಕ್ಕಳನ್ನು ತೂಗಿತು. ಹಾಸ್ಟೆಲಿನಲ್ಲಿ ಅನ್ನ ಸಾರು ಉಣ್ಣುತ್ತಿದ್ದ ಮಕ್ಕಳಲ್ಲಿ ಒಂದು ಗುಂಪಿಗೆ ಕೆನೆ ತೆಗೆದ ಹಾಲು ಕೊಟ್ಟು, ಇನ್ನೊಂದು ಗುಂಪಿಗೆ ಕೊಡದೆ ನೋಡಿದರು. ಹಾಲು ಕುಡಿದವರ ಎತ್ತರವೂ ತೂಕವೂ ಹೆಚ್ಚಾಯಿತು. ಕೆನೆ ತೆಗೆದ ಹಾಲು ಅಂದರೆ ಬೆಣ್ಣೆ ತೆಗೆದು ಉಳಿದ, ಅಗ್ಗದ ಹಾಲು. ದುಬಾರಿ ಔಷಧವಲ್ಲ, ಪೇಟೆಯ ಟಾನಿಕ್ಕೂ ಅಲ್ಲ. 2013ರ ಆಗಸ್ಟಿನಲ್ಲಿ ಕರ್ನಾಟಕದ ಶಾಲೆಗಳಲ್ಲಿ ಕ್ಷೀರಭಾಗ್ಯ ಶುರುವಾದಾಗ ಗಡಿಯಾಚೆಯ ನೆಂಟರ ಮಕ್ಕಳು ಹಾಲಿನ ಲೋಟ ಹಿಡಿದ ಫೋಟೋ ನೋಡಿ ನಮಗೆ ನೆನಪಾದದ್ದು ಈ 1930ರ ದಶಕದ ಪ್ರಯೋಗವೇ.

ಅಯ್ಕ್ರಾಯ್ಡ್ ಅವರ ಇನ್ನೊಂದು ಕೊಡುಗೆ 1937ರಲ್ಲಿ ಹೊರಬಂದ ಒಂದು ಚಿಕ್ಕ ಪುಸ್ತಕ. ಆರೋಗ್ಯ ಬುಲೆಟಿನ್ ಸಂಖ್ಯೆ 23 ಎಂಬ ನೀರಸ ಹೆಸರು. ಒಳಗಿರುವುದು ಭಾರತದ ಆಹಾರ ಪದಾರ್ಥಗಳ ಕೋಷ್ಟಕ. ಯಾವ ಕಾಳಿನಲ್ಲಿ ಎಷ್ಟು ಪ್ರೋಟೀನು, ಯಾವ ಸೊಪ್ಪಿನಲ್ಲಿ ಎಷ್ಟು ಕಬ್ಬಿಣ ಎಂಬ ಲೆಕ್ಕ, ಅದರ ಜೊತೆಗೆ ಕಡಿಮೆ ಖರ್ಚಿನಲ್ಲಿ ಸಮತೋಲನ ಊಟ ಹೊಂದಿಸುವ ದಾರಿ. ಜೈಲು, ಆಸ್ಪತ್ರೆ, ಹಾಸ್ಟೆಲು, ಕಾರ್ಖಾನೆಯ ಕ್ಯಾಂಟೀನು ಎಲ್ಲ ಕಡೆ ಊಟದ ಪಟ್ಟಿ ಮಾಡುವವರು ಇದನ್ನು ಇಟ್ಟುಕೊಂಡರು. ಇದೇ ಪುಸ್ತಕ ಬೆಳೆದು ಬೆಳೆದು, 1971ರಲ್ಲಿ ಗೋಪಾಲನ್ ಮತ್ತು ಸಂಗಡಿಗರ ಕೈಯಲ್ಲಿ ಹೊಸ ರೂಪ ಪಡೆದು, 2017ರಲ್ಲಿ ಪೂರ್ತಿ ಹೊಸ ಕೋಷ್ಟಕವಾಗಿ ಬಂತು. ನಮ್ಮ ವಿಜ್ಞಾನ ಪಠ್ಯಗಳ ಆಹಾರದ ಪಾಠದಲ್ಲಿ ಬರುವ ಇಂಥ ಕೋಷ್ಟಕಗಳ ಅಜ್ಜ ಇದು.

ಅಷ್ಟರಲ್ಲಿ 1943 ಬಂತು. ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು. ವಿಚಾರಣಾ ಆಯೋಗಕ್ಕೆ ಕೂನೂರಿನಿಂದ ಅಯ್ಕ್ರಾಯ್ಡ್ ಸದಸ್ಯರಾಗಿ ಹೋದರು. ಅದೇ ವರ್ಷ ಅಕ್ಟೋಬರಿನಲ್ಲಿ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ದೇಶದ ಆರೋಗ್ಯ ವ್ಯವಸ್ಥೆಯ ಬಗ್ಗೆ ಸಮಿತಿ ನೇಮಕವಾಯಿತು. 1946ರಲ್ಲಿ ಅದು ಕೊಟ್ಟ ವರದಿಯೇ ಸ್ವತಂತ್ರ ಭಾರತದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ತಾಯಿಬೇರು. ಆಸ್ಪತ್ರೆ, ದಾದಿ, ವೈದ್ಯರ ಲೆಕ್ಕದ ನಡುವೆ ಜನರ ಪೋಷಣೆಗೂ ಒಂದು ಅಧ್ಯಾಯವನ್ನು ಆ ವರದಿ ಮೀಸಲಿಟ್ಟಿತು. ಊಟವಿಲ್ಲದೆ ಆರೋಗ್ಯವಿಲ್ಲ ಎಂಬುದು ಕಾಗದದ ಮೇಲೆ ಒಪ್ಪಿತವಾದದ್ದು ಹೀಗೆ. ಸ್ವಾತಂತ್ರ್ಯ ಬಂದ ಮೇಲೆ ಆರೋಗ್ಯ ಕೇಂದ್ರಗಳು ಒಂದೊಂದಾಗಿ ಕಟ್ಟಲ್ಪಟ್ಟವು. ಅಡುಗೆಮನೆ ಮಾತ್ರ ಅವುಗಳ ಜೊತೆ ಬರಲಿಲ್ಲ.

ಅಡುಗೆಮನೆ ಬಂದದ್ದು ಶಾಲೆಯ ಬಾಗಿಲಿನಿಂದ. ಕೆ. ಕಾಮರಾಜರು ಮುಖ್ಯಮಂತ್ರಿಯಾಗಿದ್ದಾಗ 1956ರಲ್ಲಿ ಮದರಾಸು ರಾಜ್ಯದಲ್ಲಿ ಬಡ ಮಕ್ಕಳಿಗೆ ಮಧ್ಯಾಹ್ನದ ಊಟ ಆರಂಭವಾಯಿತು. ಶಿಕ್ಷಣ ನಿರ್ದೇಶಕರಾಗಿದ್ದ ನೆ.ದು. ಸುಂದರವಡಿವೇಲು ಊರೂರು ಸುತ್ತಿ ಅಕ್ಕಿ, ಕಾಳು, ಸೌದೆ ಕೊಡುವ ದಾನಿಗಳನ್ನು ಹುಡುಕಿದರು. ಸರ್ಕಾರದ ದುಡ್ಡು ಆಮೇಲೆ ಸೇರಿತು. 1961ರಿಂದ ಕೇರ್ ಸಂಸ್ಥೆಯ ಹಾಲಿನ ಪುಡಿ, ಎಣ್ಣೆ ಮುಂತಾದವೂ ಬಂದವು. ಆ ಹಾಲಿನ ಪುಡಿಯ ರುಚಿಯನ್ನು ನಮ್ಮ ಹಿಂದಿನ ತಲೆಮಾರಿನ ಶಿಕ್ಷಕರು ಇನ್ನೂ ಮರೆತಿಲ್ಲ.

ಇಲ್ಲೊಂದು ಸ್ಥಳೀಯ ಮಾತು. ಅದೇ 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯಕ್ಕೆ ಸೇರಿತು, ನಮ್ಮ ತಾಳವಾಡಿ ಸೀಮೆ ಇಲ್ಲೇ ಉಳಿಯಿತು. ಹೀಗಾಗಿ ಒಂದೇ ಬಗೆಯ ಹೊಲ, ಒಂದೇ ರಾಗಿ, ಒಂದೇ ಅವರೆ, ಒಂದೇ ಮಾತಿನ ಎರಡು ಊರುಗಳ ಮಕ್ಕಳು ಎರಡು ಸರ್ಕಾರಗಳ ತಟ್ಟೆಗೆ ಕೈಯೊಡ್ಡಿದರು. ಭಾಷೆಯ ವಿಚಾರದಲ್ಲಿ ಆ ಗೆರೆಯಿಂದ ನಮಗಾದ ನಷ್ಟ ಎಲ್ಲರಿಗೂ ಗೊತ್ತು. ಊಟದ ವಿಚಾರದಲ್ಲಿ ಮಾತ್ರ ಗೆರೆಯ ಈಚೆ ಉಳಿದದ್ದರಿಂದ ನಮ್ಮ ಮಕ್ಕಳಿಗೆ ದಶಕಗಳ ಕಾಲ ಲಾಭವೇ ಆಯಿತು ಎಂದು ನ್ಯಾಯವಾಗಿ ಹೇಳಬೇಕು. ಕರ್ನಾಟಕದಲ್ಲಿ ಬೇಯಿಸಿದ ಊಟ ಅಕ್ಷರ ದಾಸೋಹವಾಗಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಶುರುವಾಗುವ ಹೊತ್ತಿಗೆ ನಮ್ಮಲ್ಲಿ ಉಂಡ ಮಕ್ಕಳ ಮಕ್ಕಳು ಶಾಲೆಗೆ ಬಂದಿದ್ದರು.

ಕೂನೂರಿನ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಯಿತು. 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಬಂತು. ಹೋದ ಮೇಲೂ ಅದರ ಕೆಲಸ ಕನ್ನಡದ ಗಡಿಗಳನ್ನು ಬಿಡಲಿಲ್ಲ. ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಅವರು 1960ರಲ್ಲಿ, ದಖ್ಖಣದಲ್ಲಿ ಬರೀ ಜೋಳ ತಿಂದು ಬದುಕುವ ಬಡವರಲ್ಲಿ ಚರ್ಮ ಕಪ್ಪಾಗಿ ಸುಲಿಯುವ, ಮನಸ್ಸು ಕದಡುವ ಪೆಲ್ಲಾಗ್ರ ರೋಗ ಇರುವುದನ್ನು ಲೋಕಕ್ಕೆ ತಿಳಿಸಿದರು. ಅಲ್ಲಿಯವರೆಗೆ ಅದು ಮೆಕ್ಕೆಜೋಳದವರ ರೋಗ ಎಂದೇ ನಂಬಿಕೆಯಿತ್ತು. ಜೋಳದ ರೊಟ್ಟಿ ಕೆಟ್ಟದ್ದೆಂದು ಇದರ ಅರ್ಥವಲ್ಲ. ರೊಟ್ಟಿಯ ಜೊತೆ ಬೇಳೆ, ಹಾಲು, ಪಲ್ಯ ಇಲ್ಲದೆ ರೊಟ್ಟಿಯೊಂದೇ ಇರುವ ಬಡತನ ಕೆಟ್ಟದ್ದು. ಕೂನೂರಿನಲ್ಲೇ ಕೆಲಕಾಲ ಕೆಲಸ ಮಾಡಿದ್ದ ವಿ. ರಾಮಲಿಂಗಸ್ವಾಮಿಯವರು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1950ರ ದಶಕದಿಂದ ವರ್ಷಗಟ್ಟಲೆ ನಡೆಸಿದ ಅಧ್ಯಯನದಿಂದ, ಅಯೋಡಿನ್ ಬೆರೆಸಿದ ಉಪ್ಪು ಗಳಗಂಡವನ್ನು ತಡೆಯುತ್ತದೆ ಎಂದು ಸಾಬೀತಾಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಗಿಲ್ಗಿಟ್ಟಿನಲ್ಲಿ ಮೆಕ್ಯಾರಿಸನ್ ಕೇಳಿದ್ದ ಪ್ರಶ್ನೆ ಅರ್ಧ ಶತಮಾನದ ಮೇಲೆ ಅಂಗಡಿಯ ಉಪ್ಪಿನ ಪ್ಯಾಕೆಟ್ಟಿನಲ್ಲಿ ಉತ್ತರ ಪಡೆಯಿತು. 1970ರಲ್ಲಿ ಇರುಳುಗುರುಡು ತಡೆಯಲು ಆರು ತಿಂಗಳಿಗೊಮ್ಮೆ ಎ ಜೀವಸತ್ವದ ದ್ರವ, ರಕ್ತಹೀನತೆ ತಡೆಯಲು ಕಬ್ಬಿಣದ ಮಾತ್ರೆ ಆರೋಗ್ಯ ಇಲಾಖೆಯ ಮೂಲಕ ಬಂದವು.

ಗಮನಿಸಿ. ಪೋಷಣೆ ಆರೋಗ್ಯ ನೀತಿಯೊಳಗೆ ಬಂತು, ಆದರೆ ಮಾತ್ರೆಯಾಗಿ, ಹನಿಯಾಗಿ, ಉಪ್ಪಾಗಿ ಬಂತು. ಅನ್ನವಾಗಿ ಬರಲಿಲ್ಲ. ಮಾತ್ರೆಯನ್ನು ಎಣಿಸಬಹುದು, ಖರೀದಿಸಬಹುದು, ಸ್ಟಾಕಿನಲ್ಲಿ ತೋರಿಸಬಹುದು. ಅಡುಗೆ ಹಾಗಲ್ಲ. ಅದಕ್ಕೆ ಒಲೆ ಬೇಕು, ನೀರು ಬೇಕು, ದಿನಾ ಬೆಳಿಗ್ಗೆ ಬಂದು ಬೇಯಿಸುವ ಹೆಂಗಸು ಬೇಕು.

ಎರಡನ್ನೂ ಒಂದೇ ಸೂರಿನಡಿ ತರುವ ದೊಡ್ಡ ಯತ್ನ 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ನಮ್ಮ ಅಂಗನವಾಡಿ. ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾದಾಗ ನಮ್ಮ ನೆರೆಯ ಟಿ. ನರಸೀಪುರವೂ ಅದರಲ್ಲಿ ಒಂದು. ಪೂರಕ ಆಹಾರ, ಚುಚ್ಚುಮದ್ದು, ತಪಾಸಣೆ, ತಾಯಂದಿರಿಗೆ ತಿಳುವಳಿಕೆ, ಮಕ್ಕಳಿಗೆ ಆಟಪಾಠ ಎಲ್ಲವೂ ಒಂದೇ ಕಡೆ. ಯೋಚನೆ ಚೆನ್ನಾಗಿತ್ತು. ಆದರೆ ಚುಚ್ಚುಮದ್ದಿನ ಸಿಸ್ಟರ್ ಒಂದು ಇಲಾಖೆಗೆ, ಅಂಗನವಾಡಿ ಟೀಚರ್ ಇನ್ನೊಂದು ಇಲಾಖೆಗೆ ಲೆಕ್ಕ ಕೊಡಬೇಕಾದದ್ದು ತಪ್ಪಲಿಲ್ಲ.

ತಮಿಳುನಾಡಿನಲ್ಲಿ 1980ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಶುರುವಾದ ಸಮಗ್ರ ಪೋಷಣಾ ಯೋಜನೆ ನಮ್ಮ ದೃಷ್ಟಿಯಲ್ಲಿ ಈ ಚರಿತ್ರೆಯ ಅತ್ಯಂತ ಬುದ್ಧಿವಂತ ಪುಟ. ಆರು ತಿಂಗಳಿನಿಂದ ಮೂರು ವರ್ಷದೊಳಗಿನ ಪ್ರತಿ ಮಗುವನ್ನೂ ತಿಂಗಳು ತಿಂಗಳು ತೂಗುವುದು, ತೂಕದ ಗೆರೆಯನ್ನು ಕಾರ್ಡಿನಲ್ಲಿ ಎಳೆದು ತಾಯಿಗೆ ತೋರಿಸುವುದು, ಗೆರೆ ಏರದ ಮಗುವಿಗೆ ಮಾತ್ರ ಕೆಲವು ತಿಂಗಳು ಪೌಷ್ಟಿಕ ಉಂಡೆ ಕೊಡುವುದು, ಆಗಲೂ ಏರದಿದ್ದರೆ ನರ್ಸ್ ಬಂದು ಜಂತುಹುಳವೋ ಜ್ವರವೋ ಭೇದಿಯೋ ಎಂದು ನೋಡುವುದು. ಅಂದರೆ ತಕ್ಕಡಿ, ಉಂಡೆ ಮತ್ತು ಔಷಧ ಮೂರೂ ಒಂದೇ ಕಾರ್ಡಿನಲ್ಲಿ! ತೀವ್ರ ಅಪೌಷ್ಟಿಕತೆ ಗಣನೀಯವಾಗಿ ಇಳಿಯಿತೆಂದು ನಂತರದ ಮೌಲ್ಯಮಾಪನಗಳು ಹೇಳಿದವು. ಆ ಕಾರ್ಡು ಮಗುವಿನ ಜೊತೆ ಶಾಲೆಗೂ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಮಗೆ ಅನಿಸುತ್ತದೆ.

ಅದರ ಬೆನ್ನಿಗೇ 1982ರ ಜುಲೈ 1ರಂದು ಎಂ.ಜಿ.ಆರ್. ಅವರು ತಿರುಚ್ಚಿರಾಪ್ಪಳ್ಳಿ ಬಳಿಯ ಪಾಪ್ಪಾಕುರಿಚ್ಚಿಯಲ್ಲಿ ಪೌಷ್ಟಿಕ ಊಟದ ಯೋಜನೆ ತೆರೆದರು. ಇದು ತೂಗಿ ನೋಡಿ ಕೊಡುವ ಯೋಜನೆಯಲ್ಲ. ಬಂದ ಮಕ್ಕಳಿಗೆಲ್ಲ ಊಟ. ಹಣ ದಂಡ, ಓಟಿನ ಆಸೆ ಎಂದು ಪಂಡಿತರು ಬರೆದರು. ಕಷ್ಟಪಟ್ಟು ಬಾಲ್ಯ ಕಳೆದಿದ್ದ ಎಂ.ಜಿ.ಆರ್. ಅವರಿಗೆ ಹಸಿವಿನ ಬಗ್ಗೆ ಪಂಡಿತರ ಪಾಠ ಬೇಕಿರಲಿಲ್ಲ. ಗಂಡನಿಲ್ಲದ, ಆಸರೆಯಿಲ್ಲದ ಎಷ್ಟೋ ಹೆಣ್ಣುಮಕ್ಕಳಿಗೆ ಸಂಘಟಕಿ, ಅಡುಗೆಯಮ್ಮ, ಆಯಾ ಕೆಲಸ ಸಿಕ್ಕಿತು. ಮುಂದೆ ಬಂದ ಸರ್ಕಾರಗಳು ಇದನ್ನು ನಿಲ್ಲಿಸಲಿಲ್ಲ, ಪೈಪೋಟಿಯಿಂದ ಬೆಳೆಸಿದವು. 1989ರಲ್ಲಿ ಎರಡು ವಾರಕ್ಕೊಂದು ಮೊಟ್ಟೆ ಬಂತು, 2010ರ ಹೊತ್ತಿಗೆ ಅದು ವಾರಕ್ಕೆ ಐದಾಯಿತು. 2000ರ ದಶಕದಲ್ಲಿ ಹೈದರಾಬಾದಿನ ಸಂಸ್ಥೆಯ ಸೂತ್ರದಂತೆ ಅಯೋಡಿನ್ನೂ ಕಬ್ಬಿಣವೂ ಸೇರಿದ ಉಪ್ಪು ಊಟದ ಸಾಂಬಾರಿಗೆ ಬಂತು. ಕೂನೂರು ಬಿಟ್ಟುಹೋದ ವಿಜ್ಞಾನ ಹೀಗೆ ಸುತ್ತಿ ಬಳಸಿ ನಮ್ಮ ಘಟ್ಟ ಹತ್ತಿತು. 2022ರ ಸೆಪ್ಟೆಂಬರ್ 15ರಂದು ಮಧುರೈನಲ್ಲಿ ಬೆಳಗಿನ ತಿಂಡಿಯ ಯೋಜನೆ 1,545 ಶಾಲೆಗಳಿಗೆ ಶುರುವಾಗಿ, 2023ರ ಆಗಸ್ಟ್ 25ರಂದು 31,008 ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಉಪ್ಪಿಟ್ಟು, ಪೊಂಗಲ್, ಕಿಚಡಿ. ಮಲೆಯ ಮಕ್ಕಳು ಬರಿಹೊಟ್ಟೆಯಲ್ಲಿ ಮೈಲಿಗಟ್ಟಲೆ ನಡೆದು ಬಂದು ಪ್ರಾರ್ಥನೆಯಲ್ಲಿ ತಲೆ ಸುತ್ತಿ ಕೂರುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಆರೋಗ್ಯ ಇಲಾಖೆಯೇ ಊಟಕ್ಕೆ ದುಡ್ಡು ಕೊಟ್ಟ ಉದಾಹರಣೆಯೂ ಈ ರಾಜ್ಯದಲ್ಲಿದೆ. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರಿನ ಹೆರಿಗೆ ಸಹಾಯ ಯೋಜನೆ 1987ರಲ್ಲಿ 300 ರೂಪಾಯಿಯಿಂದ ಆರಂಭವಾಗಿ, 2006ರಲ್ಲಿ 6,000, 2011ರಲ್ಲಿ 12,000, 2018ರಲ್ಲಿ ಪೌಷ್ಟಿಕ ಪದಾರ್ಥಗಳ ಕಿಟ್ಟುಗಳೂ ಸೇರಿ 18,000 ರೂಪಾಯಿಗೆ ಏರಿತು. ಬಸುರಿ ಹೆಂಗಸು ಕೂಲಿ ಬಿಟ್ಟು ಮನೆಯಲ್ಲಿದ್ದರೆ ಆ ಮನೆಯ ಒಲೆಗೆ ಏನು ಗತಿ ಎಂಬುದು ಆರೋಗ್ಯದ ಪ್ರಶ್ನೆಯೇ ಎಂದು ಇಲ್ಲಿ ಒಪ್ಪಿಕೊಂಡಂತಾಯಿತು.

ರಾಷ್ಟ್ರಮಟ್ಟದಲ್ಲಿ ಈ ಪ್ರಶ್ನೆಯನ್ನು ಮುಂದಕ್ಕೆ ತಳ್ಳಿದ್ದು ನ್ಯಾಯಾಲಯ. 1995ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಬಹಳ ರಾಜ್ಯಗಳು ಬರೀ ಧಾನ್ಯ ಹಂಚುತ್ತಿದ್ದವು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಕೊಡಬೇಕು, ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್ ಇರಬೇಕು ಎಂದು ಆದೇಶಿಸಿತು. ಅಯ್ಕ್ರಾಯ್ಡ್ ಅವರ ಕೋಷ್ಟಕದ ಭಾಷೆ ನ್ಯಾಯಾಲಯದ ಆದೇಶದ ಭಾಷೆಯಾಯಿತು. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಅದು ಮಕ್ಕಳ ಹಕ್ಕಾಯಿತು. ಅದೇ 2013ರಲ್ಲಿ ಶಾಲಾ ಮಕ್ಕಳಿಗೆ ವಾರಕ್ಕೊಂದು ಕಬ್ಬಿಣದ ಮಾತ್ರೆ, 2015ರಿಂದ ಜಂತುಹುಳದ ಮಾತ್ರೆಯ ದಿನ ಬಂದವು. ಇವೆಲ್ಲ ಊಟದ ತಟ್ಟೆಯ ಪಕ್ಕದಲ್ಲೇ ಆಗುತ್ತವೆ. ಮಾತ್ರೆಯನ್ನು ಊಟವಾದ ಮೇಲೆ ನುಂಗಬೇಕು ಎಂಬುದಷ್ಟೇ ಎರಡಕ್ಕೂ ಇರುವ ನಂಟು!

ಇಷ್ಟೆಲ್ಲ ಆಗಿಯೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತಮಿಳುನಾಡಿನ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 57.4 ಮಂದಿಗೆ, ಹೆಂಗಸರಲ್ಲಿ ಶೇ. 53.4 ಮಂದಿಗೆ ರಕ್ತಹೀನತೆ. ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳು ದೇಶದಲ್ಲಿ ಶೇ. 35.5 ಇದ್ದರೆ ಇಲ್ಲಿ ಶೇ. 25. ಅಂದರೆ ಅನ್ನ ಕೆಲಸ ಮಾಡಿದೆ, ಆದರೆ ರಕ್ತದವರೆಗೆ ತಲುಪಿಲ್ಲ. ಕಬ್ಬಿಣ, ಬೇಳೆ, ಸೊಪ್ಪು, ಹಣ್ಣು, ಜಂತುಹುಳ, ಕುಡಿಯುವ ನೀರು, ಕಕ್ಕಸು ಇವೆಲ್ಲ ಸೇರಿ ಆಗುವ ಕೆಲಸ ಅದು. ನಮ್ಮ ಕನ್ನಡ ಮಾಧ್ಯಮದ ಶಾಲೆಗಳಿಗೆ ಇನ್ನೊಂದು ಸಣ್ಣ ತೊಡಕಿದೆ. ಪೋಷಣೆಯ ಭಿತ್ತಿಪತ್ರ, ತಾಯಂದಿರಿಗೆ ಕೊಡುವ ಚೀಟಿ ಎಲ್ಲವೂ ಬೇರೆ ಭಾಷೆಯಲ್ಲಿ ಬರುತ್ತವೆ. ನಾವು ಕೂತು ಕನ್ನಡಕ್ಕೆ ಮಾಡಿ ಕಳಿಸುತ್ತೇವೆ. ಅಕ್ಕಿಯಲ್ಲಿ ಕಬ್ಬಿಣಾಂಶ ಸೇರಿಸಿದ ಕಾಳು ಬೆರೆಸಿ ಕೊಡತೊಡಗಿದಾಗ, ಇದು ಪ್ಲಾಸ್ಟಿಕ್ ಅಕ್ಕಿ ಎಂದು ತಾಯಂದಿರು ಆರಿಸಿ ಎಸೆದದ್ದಕ್ಕೆ ಈ ಭಾಷೆಯ ಕಂದಕವೂ ಒಂದು ಕಾರಣ.

ಕೊನೆಗೆ ರಾಗಿಯ ಮಾತು. ನಮ್ಮ ಊರಿನ ಅಜ್ಜಿಯೊಬ್ಬರು ಪೋಷಕರ ಸಭೆಯಲ್ಲಿ ಹೇಳಿದ್ದು: "ಅನ್ನ ಉಂಡ್ರೆ ಗಳಿಗೇಲಿ ಹಸೀತದೆ ಮೇಷ್ಟ್ರೇ, ಹಿಟ್ಟು ಉಂಡ್ರೆ ಸಂಜೆಗಂಟ ನಿಲ್ತದೆ." ಕೋಷ್ಟಕ ತೆಗೆದು ನೋಡಿದರೆ ಅಜ್ಜಿಯ ಮಾತಿನಲ್ಲಿ ಅವರಿಗೇ ಗೊತ್ತಿಲ್ಲದ ಇನ್ನೊಂದು ಸತ್ಯವಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ. ಅಷ್ಟೇ ಪಾಲಿಶ್ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು. 2024ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ವಾರಕ್ಕೆ ಮೂರು ದಿನ ಹಾಲಿನ ಜೊತೆ ರಾಗಿಮಾಲ್ಟ್ ಶುರುವಾಯಿತು. ಈಚೆಗೆ 2023ರ ಮೇ ತಿಂಗಳಿನಲ್ಲಿ ತಮಿಳುನಾಡು ಸರ್ಕಾರವೂ ನೀಲಗಿರಿ ಮತ್ತು ಧರ್ಮಪುರಿ ಜಿಲ್ಲೆಗಳ ಪಡಿತರ ಚೀಟಿದಾರರಿಗೆ ಎರಡು ಕಿಲೋ ಅಕ್ಕಿಯ ಬದಲು ಎರಡು ಕಿಲೋ ರಾಗಿ ಕೊಡುವ ಪ್ರಯೋಗ ಆರಂಭಿಸಿತು. ಈರೋಡು ಜಿಲ್ಲೆಗೆ ಸೇರಿದ ನಮ್ಮ ತಾಳವಾಡಿ ಆ ಪಟ್ಟಿಯಲ್ಲಿರಲಿಲ್ಲ. ಹೊಲದಲ್ಲಿ ರಾಗಿ ಬೆಳೆದು, ಮಾರಿ, ಮಗುವಿನ ತಟ್ಟೆಗೆ ಅಕ್ಕಿ ಬಡಿಸಿಕೊಳ್ಳುವ ಸೀಮೆ ನಮ್ಮದು.

ಏಳು ಮತ್ತು ಎಂಟು ವರ್ಷದ ಮಗುವಿಗೆ ದಿನಕ್ಕೆ 650 ಮಿಲಿಗ್ರಾಂ ಸುಣ್ಣದಂಶ ಬೇಕು ಎಂದು 2020ರಲ್ಲಿ ಹೈದರಾಬಾದಿನ ಸಂಸ್ಥೆ ಹೇಳಿದೆ. ಇದನ್ನು ನಾವು ಏಳನೇ ತರಗತಿಯ ಮಕ್ಕಳಿಗೆ ಗಣಿತದ ಲೆಕ್ಕವಾಗಿ ಕೊಟ್ಟೆವು: ತಮ್ಮನಿಗೆ ಬೇಕಾದ ಸುಣ್ಣದಂಶವನ್ನು ಅಕ್ಕಿಯೊಂದರಿಂದಲೇ ಕೊಡಬೇಕಾದರೆ ದಿನಕ್ಕೆ ಎಷ್ಟು ಕಿಲೋ ಅಕ್ಕಿ ಬೇಯಿಸಬೇಕು? ಆರೂವರೆ ಕಿಲೋ ಎಂದು ಉತ್ತರ ಬಂದಾಗ ತರಗತಿಯೆಲ್ಲ ಒಮ್ಮೆಲೇ ನಕ್ಕಿತು. ರಾಗಿಯಾದರೆ ಎಷ್ಟು ಎಂಬ ಎರಡನೇ ಭಾಗವನ್ನು ಮನೆಗೆಲಸಕ್ಕೆ ಕೊಟ್ಟು, ಉತ್ತರದ ಕೆಳಗೆ ಮನೆಯ ಹಿರಿಯರ ಸಹಿ ಹಾಕಿಸಿ ತರಲು ಹೇಳಿದ್ದೇವೆ.